ವಿಡಿಯೋ ಓಡಲಿ, ಪೀರಿಯಡ್ ಮಾತ್ರ ತೆಗೆಯಬೇಡಿ

ಬೆಂಗಳೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಬಿಸಿಎ ಮಕ್ಕಳಿಗೆ ಪಾಠ ಮಾಡುತ್ತೇನೆ. ಒಂದು ವಿಷಯವನ್ನು ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ಸ್ವಯಂ ಪೋರ್ಟಲ್‌ನಲ್ಲಿ ಎನ್‌ಪಿಟಿಇಎಲ್ (ಐಐಟಿ, ಐಐಎಸ್‌ಸಿಗಳು ನಡೆಸುವ ವಿಡಿಯೋ ಪಾಠ) ಕೋರ್ಸಾಗಿ ಮಾಡಿ, ಡಿಗ್ರಿಗೆ ಲೆಕ್ಕವಾಗುವ ಕ್ರೆಡಿಟ್ ಸಿಗುತ್ತೆ ಎಂದಾಗ ಹುಡುಗರಿಗೆ ಖುಷಿಯೋ ಖುಷಿ. ಕ್ಲಾಸ್ ಇರಲ್ಲ ಅಂದುಕೊಂಡಿದ್ದರು! ಯುಜಿಸಿಯ 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರ್‌ನ ಕೋರ್ಸ್‌ಗಳಲ್ಲಿ ಶೇ 40ರವರೆಗೆ ಹೀಗೆ ಓದಬಹುದು. ನಾವು ಅಷ್ಟು ದೂರ ಹೋಗಲಿಲ್ಲ. ಕಂಪ್ಯೂಟರ್‌ನಲ್ಲಿ ಮಾಹಿತಿ ಜೋಡಿಸಿಡುವ ಬಗೆ ಕಲಿಸುವ ಡೇಟಾ ಸ್ಟ್ರಕ್ಚರ್ಸ್ ಒಂದನ್ನೇ ಹಿಡಿದೆವು. 12 ವಾರ, 3 ಕ್ರೆಡಿಟ್.

ಟೈಮ್‌ಟೇಬಲ್‌ನಿಂದ ಆ ಪೀರಿಯಡ್ ತೆಗೆಯಲು ಮಾತ್ರ ನಾನು ಒಪ್ಪಲಿಲ್ಲ. "ಮನೇಲಿ ನೋಡ್ಕೊಳ್ತಾರೆ ಬಿಡಿ ಸರ್" ಎಂದವರಿದ್ದರು. ಮಾಗಡಿಯಿಂದ, ಹೊಸಕೋಟೆಯಿಂದ ಬರುವ ಮಕ್ಕಳು ಬಸ್ಸಲ್ಲಿ ಕಂಬಿ ಹಿಡಿದು ನಿಂತು, ಒಂದೂವರೆ ಪಟ್ಟು ಸ್ಪೀಡಿನಲ್ಲಿ ಪಾಠ ಓಡಿಸುತ್ತಾರೆ. ತಲೆಗೆ ಹೋಗುತ್ತಾ?

ಹಾಗಾಗಿ ಪ್ರೊಜೆಕ್ಟರ್ ಹಾಕಿ ಎಲ್ಲರೂ ಒಟ್ಟಿಗೇ ನೋಡಿದೆವು, ನಿಲ್ಲಿಸಿ ನಿಲ್ಲಿಸಿ. ಬೈನರಿ ಸರ್ಚ್ ಎಂಬ ಹುಡುಕುವ ವಿಧಾನ ಬಂದಾಗ ವಿಡಿಯೋದ ಮೇಷ್ಟ್ರು ಉತ್ತರ ಹೇಳುವ ಮೊದಲೇ ನಿಲ್ಲಿಸಿದೆ. "ಅಕ್ಷರಮಾಲೆ ಪ್ರಕಾರ ಜೋಡಿಸಿದ 1000 ಹೆಸರಿದೆ. ಒಂದನ್ನು ಹುಡುಕೋಕೆ ಜಾಸ್ತಿ ಅಂದ್ರೆ ಎಷ್ಟು ಸಲ ನೋಡಬೇಕು?" ಒಬ್ಬ 1000 ಎಂದ, ಇನ್ನೊಬ್ಬಳು 500 ಎಂದಳು. ನಡುವಿನ ಹೆಸರು ನೋಡಿ, ಬೇಡದ ಅರ್ಧ ಹೊಡೆದುಹಾಕಿ ಎಂದೆ. 500, 250, 125 ಅಂತ ನೋಟ್‌ಬುಕ್‌ನಲ್ಲಿ ಇಳಿಸುತ್ತಾ ಹೋದರು. ಕೊನೆಗೆ ಹಿಂದಿನ ಬೆಂಚಿನಿಂದ ಬಂತು: "ಹತ್ತೇ ಸಲ ಸಾಕು ಸರ್!" ಆಮೇಲೆ ವಿಡಿಯೋ ಮತ್ತೆ ಓಡಿಸಿದೆ. ಕನ್ನಡ ಮೀಡಿಯಂನಿಂದ ಬಂದವರಿಗೆ ಇಂಗ್ಲಿಷ್ ಸಬ್‌ಟೈಟಲ್‌ಗಿಂತ ಈ ನಿಲುಗಡೆಯೇ ಜಾಸ್ತಿ ಉಪಯೋಗಕ್ಕೆ ಬಂತು. ಒಂದು ಪೀರಿಯಡ್‌ನಲ್ಲಿ ಅರ್ಧ ಗಂಟೆಯ ವಿಡಿಯೋ ಮುಗಿಯುವುದೂ ಕಷ್ಟ, ನಿಜ. ಉಳಿದದ್ದನ್ನು ಮನೆಗೆ ಬಿಡುತ್ತಿದ್ದೆ.

ಅಸೈನ್‌ಮೆಂಟ್ ಬಗ್ಗೆ ಹೇಳಲೇಬೇಕು. ಪ್ರತಿ ವಾರ ಒಂದಿರುತ್ತೆ, ಉತ್ತರ ಟೆಲಿಗ್ರಾಂನಲ್ಲಿ ಸುಲಭವಾಗಿ ಸಿಗುತ್ತೆ. ತಡೆಯಲು ನಾನು ಹೋಗಲಿಲ್ಲ, ಸುಮ್ನೆ ತಲೆನೋವು. ಬದಲಿಗೆ ಅಂಕದ ಲೆಕ್ಕವನ್ನು ಬೋರ್ಡ್ ಮೇಲೆ ಬರೆದೆ. ಅಸೈನ್‌ಮೆಂಟ್‌ಗೆ 25, ಕೊನೆಯ ಪರೀಕ್ಷೆಗೆ 75. ಆ 75ರಲ್ಲಿ 30 ಬರದಿದ್ದರೆ, ಅಸೈನ್‌ಮೆಂಟ್‌ನಲ್ಲಿ ಪೂರ್ತಿ 25 ಬಂದಿದ್ದರೂ ಸರ್ಟಿಫಿಕೇಟ್ ಇಲ್ಲ. ಪರೀಕ್ಷೆ ಸೆಂಟರಿಗೇ ಹೋಗಿ ಬರೆಯಬೇಕು, ಅಲ್ಲಿ ಮೊಬೈಲ್ ಒಳಗೆ ಬಿಡಲ್ಲ. ಇದನ್ನು ಮೊದಲ ವಾರವೇ ಹೇಳಿದರೆ ಅರ್ಧ ಉಪದೇಶ ಉಳಿಯುತ್ತದೆ.

ಪ್ರೋಗ್ರಾಂ ಬರೆಸುವ ಲ್ಯಾಬ್ ಮಾತ್ರ ಪೂರ್ತಿ ಕಾಲೇಜಿನಲ್ಲೇ. ಪ್ರೋಗ್ರಾಂನಲ್ಲಿ ಪಾಯಿಂಟರ್ (ಮೆಮೊರಿಯ ವಿಳಾಸ ಹಿಡಿದಿಡುವುದು) ಎಲ್ಲಿ ತಪ್ಪಿದೆ ಅಂತ ತೋರಿಸೋಕೆ ಪಕ್ಕದಲ್ಲಿ ಒಬ್ಬರು ಕೂರಲೇಬೇಕು ಅಲ್ವಾ?

ಇದನ್ನು ಶುರು ಮಾಡುವ ಮೇಷ್ಟ್ರುಗಳಿಗೆ ಇನ್ನೊಂದು ವಿಷಯ. ಕೋರ್ಸ್‌ಗೆ ಸೇರಿದರೆ ಪರೀಕ್ಷೆಗೂ ಹೆಸರು ಕೊಟ್ಟಂತೆ ಆಗಲ್ಲ. ಅದಕ್ಕೆ ಬೇರೆ ನೋಂದಣಿ, ಬೇರೆ ಶುಲ್ಕ. ಹುಡುಗರು ಮರೆಯುತ್ತಾರೆ, ಆ ದಿನ ಲ್ಯಾಬ್‌ನಲ್ಲೇ ಕೂರಿಸಿ ಮುಗಿಸಿ. ಯಲಹಂಕದವನಿಗೆ ಎಲೆಕ್ಟ್ರಾನಿಕ್ ಸಿಟಿ ಕಡೆ ಸೆಂಟರ್ ಬಿದ್ದರೆ ಮೊದಲ ಬಸ್ಸಿಗೇ ಹೊರಡಲು ಹೇಳಿ.