ಪಾರ್ಕಿನ ಮರಗಳಿಗೆ ಬೋರ್ಡು ಬರೆಯುತ್ತಾ ಲ್ಯಾಟಿನ್ ಕಲಿತದ್ದು

ನಾನು ಮೊದಲು ಎಡವಿದ್ದು ಶುಂಠಿಯಲ್ಲಿ. ಜಿಂಜಿಬರ್ ಅಫಿಸಿನೇಲ್ ಅಂತ ಅದರ ಹೆಸರು. ಮೂವತ್ತು ವರ್ಷ ಗುಮಾಸ್ತನಾಗಿದ್ದವನಿಗೆ ಅದರಲ್ಲಿ ಆಫೀಸು ಬಿಟ್ಟು ಇನ್ನೇನು ಕಾಣಬೇಕು? ನೋಟ್‌ಬುಕ್ಕಿನಲ್ಲಿ 'ಕಚೇರಿ ಶುಂಠಿ?' ಅಂತ ಬರೆದು, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗಿದ್ದೆ.

ನಿವೃತ್ತನಾದ ಮೇಲೆ ನಮ್ಮ ಬಡಾವಣೆಯ ಪಾರ್ಕಿನ ಗಿಡಮರಗಳಿಗೆ ಹೆಸರಿನ ಬೋರ್ಡು ಹಾಕಿಸುವ ಕೆಲಸ ನನ್ನ ಪಾಲಿಗೆ ಬಂತು. ಕನ್ನಡದ ಹೆಸರು ಮೇಲೆ, ಲ್ಯಾಟಿನ್ ಹೆಸರು ಕೆಳಗೆ, ಎರಡೂ ಕನ್ನಡ ಲಿಪಿಯಲ್ಲೇ. ಗಿಡ ಗುರುತಿಸಿಕೊಟ್ಟದ್ದು ಪಕ್ಕದ ಬೀದಿಯ ಸಸ್ಯಶಾಸ್ತ್ರದ ಮೇಡಂ. ನನ್ನ ಕೆಲಸ ಸುಮ್ನೆ ನಕಲು ಮಾಡೋದು. ಆದರೆ ಅರ್ಥ ಗೊತ್ತಿಲ್ಲದೆ ನಕಲು ಮಾಡಿದರೆ ಕೈ ತಪ್ಪುತ್ತದೆ, ಇದು ನನ್ನ ಹಳೇ ಅನುಭವ. ಹಾಗಾಗಿ ಒಂದೊಂದೇ ಹೆಸರನ್ನು ಬಿಡಿಸಲು ಕೂತೆ.

"ಸಾರ್, ಅಫಿಸಿನಾ ಅಂದ್ರೆ ಕೆಲಸದ ಕೋಣೆ" ಅಂದರು ಮೇಡಂ. ಆಮೇಲೆ ಯುರೋಪಿನ ಕ್ರೈಸ್ತ ಮಠಗಳಲ್ಲಿ ಔಷಧಿ ಇಡುವ ಉಗ್ರಾಣಕ್ಕೂ ಅದೇ ಹೆಸರು ಬಂತಂತೆ. ಅಂದರೆ ಅಫಿಸಿನೇಲ್ ಅನ್ನೋದು ನಮ್ಮ ಗ್ರಂಧಿಗೆ ಅಂಗಡಿಯ ಸಾಮಾನು! ಕಬ್ಬಿಗೂ ಸ್ಯಾಕರಮ್ ಅಫಿಸಿನಾರಮ್ ಅಂತಲೇ ಹೆಸರು. ಅಲ್ಲಿ ಒಂದು ಕಾಲದಲ್ಲಿ ಸಕ್ಕರೆ ಸಿಗುತ್ತಿದ್ದದ್ದು ಔಷಧಿ ಮಾರುವವರ ಹತ್ತಿರ.

ಅವತ್ತಿನಿಂದ ಮೊದಲ ಪದದ ಹಿಂದೆ ಬೀಳೋದು ಬಿಟ್ಟೆ. ಮೊದಲನೆಯದು ಕುಲದ ಹೆಸರು, ಅದು ಬದಲಾಗುತ್ತಿರುತ್ತದೆ. ಸಂಪಿಗೆ ಮೊದಲು ಮಿಚೇಲಿಯಾ ಚಂಪಕ ಆಗಿತ್ತು, ಈಗ ಮ್ಯಾಗ್ನೋಲಿಯಾ ಚಂಪಕ. ನಾನು ಹಳೇ ಪುಸ್ತಕ ನೋಡಿ ಬರೆಸಿದ್ದರಿಂದ ಆ ಬೋರ್ಡಿಗೆ ಎರಡು ಸಲ ಬಣ್ಣ ಬಳಿಸಬೇಕಾಯಿತು. ಎರಡನೇ ಪದ ಮಾತ್ರ ಸಾಮಾನ್ಯವಾಗಿ ಗಿಡದ ಜೊತೆಗೇ ಉಳಿಯುತ್ತದೆ. ಇಲ್ಲಂತೂ ಅದು ನಮ್ಮ ಚಂಪಕವೇ.

ಈ ಎರಡು ಪದದ ಪದ್ಧತಿಯನ್ನು ಗಿಡಗಳಿಗೆ ಪೂರ್ತಿಯಾಗಿ ಹಾಕಿದವನು ಸ್ವೀಡನ್ನಿನ ಲಿನೇಯಸ್, 1753ರ ತನ್ನ ಪುಸ್ತಕದಲ್ಲಿ. ಅದಕ್ಕೂ ಮುಂಚೆ ಒಂದು ಗಿಡದ ಹೆಸರೆಂದರೆ ಒಂದು ಸಾಲಿನಷ್ಟು ಉದ್ದದ ವರ್ಣನೆ. ಪೇಂಟರ್ ಎಷ್ಟು ದುಡ್ಡು ಕೇಳುತ್ತಿದ್ದನೋ!

ನನಗೆ ಜಾಸ್ತಿ ಕಾಟ ಕೊಟ್ಟದ್ದು ಪದದ ಬಾಲ. ಬಿಳಿ ಅನ್ನೋದಕ್ಕೆ ಒಂದು ಕಡೆ ಆಲ್ಬಸ್, ಇನ್ನೊಂದು ಕಡೆ ಆಲ್ಬಾ, ಮತ್ತೊಂದು ಕಡೆ ಆಲ್ಬಮ್. ಆಮೇಲೆ ಹೊಳೆಯಿತು, ಇದು ನಮಗೆ ಹೊಸದೇ ಅಲ್ಲ: ಬಿಳಿಯವನು, ಬಿಳಿಯವಳು, ಬಿಳಿಯದು. ಶ್ರೀಗಂಧ ಸ್ಯಾಂಟಲಮ್ ಆಲ್ಬಮ್. ಸ್ಯಾಂಟಲಮ್ ನಪುಂಸಕಲಿಂಗ, ಅದಕ್ಕೇ ಆಲ್ಬಮ್. (ಮದುವೆ ಆಲ್ಬಮ್ಮೂ ಇದೇ ಪದ. ರೋಮಿನಲ್ಲಿ ಪ್ರಕಟಣೆ ಬರೆಯುತ್ತಿದ್ದ ಬಿಳಿ ಹಲಗೆಗೆ ಆಲ್ಬಮ್ ಅನ್ನುತ್ತಿದ್ದರು.) ಇಷ್ಟು ಗೊತ್ತಾದದ್ದೇ ತಡ, ನನಗೆ ಸೊಕ್ಕು ಬಂತು. ಹಿಪ್ಪುನೇರಳೆಯ ಹೆಸರು ಮೋರಸ್ ಆಲ್ಬಾ ಅಂತಿತ್ತು. ಮೋರಸ್ ಅಂದ ಮೇಲೆ ಆಲ್ಬಸ್ ಆಗಬೇಕಲ್ವಾ ಅಂತ ತಿದ್ದಿ ಪೇಂಟರಿಗೆ ಕೊಟ್ಟೇಬಿಟ್ಟೆ.

ಮೇಡಂ ನೋಡಿ ನಕ್ಕರು. ಲ್ಯಾಟಿನ್ನಿನಲ್ಲಿ ಮರಗಳ ಹೆಸರು ಹೆಚ್ಚಾಗಿ ಸ್ತ್ರೀಲಿಂಗವಂತೆ, ಬಾಲ ಗಂಡಸಿನದಾಗಿದ್ದರೂ. ಅದಕ್ಕೇ ಅರಳಿ ಫೈಕಸ್ ರಿಲಿಜಿಯೋಸಾ, ರಿಲಿಜಿಯೋಸಸ್ ಅಲ್ಲ. ಕನ್ನಡದಲ್ಲಿ ಮರ 'ಅದು'. ಅಲ್ಲಿ ಮರ 'ಅವಳು'. ನನಗೆ ಈ ವ್ಯಾಕರಣ ಇಷ್ಟವಾಯಿತು, ಬೋರ್ಡು ಮಾತ್ರ ಮೂರನೇ ಸಲ ಪೇಂಟರಿನ ಕೈಗೆ ಹೋಯಿತು.

ನಿಘಂಟು ಹಿಡಿದು ಬಾಯಿಪಾಠ ಮಾಡಲು ಒಂದು ವಾರ ನೋಡಿದೆ, ತಲೆಗೆ ಹತ್ತಲಿಲ್ಲ. ಗಿಡದ ಮುಂದೆ ನಿಂತು ಕಲಿತದ್ದು ಮಾತ್ರ ಉಳಿಯಿತು. ಮುಟ್ಟಿದರೆ ಮುನಿ ಮಿಮೋಸಾ ಪುಡಿಕಾ. ಪುಡಿಕಾ ಅಂದರೆ ನಾಚಿಕೆಯವಳು. ಕಕ್ಕೆ ಕ್ಯಾಸಿಯಾ ಫಿಸ್ಟುಲಾ. ಫಿಸ್ಟುಲಾ ಅಂದರೆ ಕೊಳವೆ, ಅದರ ಕಾಯಿ ನೋಡಿದವರಿಗೆ ಬೇರೆ ವಿವರಣೆ ಬೇಡ. ನಸುಗುನ್ನಿ ಮ್ಯೂಕುನಾ ಪ್ರೂರಿಯೆನ್ಸ್. ಪ್ರೂರಿಯೆನ್ಸ್ ಅಂದರೆ ತುರಿಸುವಂಥದ್ದು. ಚಿಕ್ಕಂದಿನಲ್ಲಿ ಅದನ್ನು ಯಾರೋ ನನ್ನ ಅಂಗಿಯೊಳಗೆ ಹಾಕಿದ್ದರು, ಈ ಪದ ನಾನು ಸಾಯೋವರೆಗೂ ಮರೆಯಲ್ಲ. ಪಾರಿಜಾತ ಮಾತ್ರ ಮನಸ್ಸಿಗೆ ಒಪ್ಪಲಿಲ್ಲ. ಆರ್ಬರ್-ಟ್ರಿಸ್ಟಿಸ್, ದುಃಖದ ಮರ. ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ಹೂವೆಲ್ಲ ಉದುರಿಸುತ್ತದೆ ಅಂತ. ನಾವು ಅದೇ ಮರವನ್ನು ದೇವಲೋಕದ್ದು ಅಂತೀವಿ.

ಇಂಗ್ಲಿಷ್ ಗೊತ್ತಿರುವವರಿಗೇ ಇಲ್ಲಿ ಮೋಸ ಜಾಸ್ತಿ. ಹೊಳೆದಾಸವಾಳದ ಸ್ಪೆಸಿಯೋಸಾ ಸ್ಪೆಷಲ್ ಅಲ್ಲ, ನೋಡೋಕೆ ಚೆಂದ ಅಂತ. ಬೀನ್ಸಿನ ವಲ್ಗಾರಿಸ್ ವಲ್ಗರ್ ಅಲ್ಲ, ಎಲ್ಲ ಕಡೆ ಸಿಗುವಂಥದ್ದು. ಊರಿನ ಹೆಸರು, ದಿಕ್ಕಿನ ಹೆಸರು ಇದ್ದರಂತೂ ಎರಡು ಸಲ ಯೋಚಿಸಬೇಕು. ಗೇರು ಅನಕಾರ್ಡಿಯಮ್ ಆಕ್ಸಿಡೆಂಟೇಲ್, ಅಂದರೆ ಪಶ್ಚಿಮದ್ದು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಬೆಳೆಯುತ್ತಲ್ಲ, ಸರಿಯಾಗೇ ಇಟ್ಟಿದಾರೆ ಅಂದುಕೊಂಡಿದ್ದೆ. ಆದರೆ ಲಿನೇಯಸ್ಸಿಗೆ ಪಶ್ಚಿಮ ಅಂದರೆ ಅಮೆರಿಕ. ಗೇರು ಬ್ರೆಜಿಲ್ ಕಡೆಯದು, ಇಲ್ಲಿಗೆ ತಂದವರು ಪೋರ್ಚುಗೀಸರು.

ಅರ್ಥಗಳೆಲ್ಲ ನನ್ನ ನೋಟ್‌ಬುಕ್ಕಿನಲ್ಲೇ ಉಳಿದಿದ್ದವು. ಹೋದ ಬೇಸಿಗೆಯಲ್ಲಿ ಪಾರ್ಕಿನ ಮೂಲೆಯ ಸ್ಟರ್ಕ್ಯೂಲಿಯಾ ಫೀಟಿಡಾ ಹೂ ಬಿಟ್ಟಿತು. ಮೋರಿ ಕಟ್ಟಿಕೊಂಡಿದೆ, ಕ್ಲೀನ್ ಮಾಡಿಸಿ ಅಂತ ವಾಕಿಂಗಿನವರು ನನ್ನ ಹತ್ತಿರ ಬಂದರು. ಮರದ ಕೆಳಗೆ ಕರೆದುಕೊಂಡು ಹೋಗಿ ಬೋರ್ಡು ತೋರಿಸಿದೆ. ಸ್ಟರ್ಕಸ್ ಅಂದರೆ ಸಗಣಿ, ಗೊಬ್ಬರ. ರೋಮಿನವರಿಗೆ ಗೊಬ್ಬರಕ್ಕೇ ಸ್ಟರ್ಕ್ಯೂಲಿಯಸ್ ಅಂತ ಒಬ್ಬ ದೇವರಿದ್ದ. ಫೀಟಿಡಾ ಅಂದರೆ ನಾರುವಂಥದ್ದು. ಒಬ್ಬರು ಮೂಗು ಮುಚ್ಚಿಕೊಂಡೇ ಕೇಳಿದರು, "ಇದನ್ನ ಬೋರ್ಡಲ್ಲೇ ಬರೆಸೋದಲ್ವಾ ಸಾರ್?"

ಈಗ ಎಲ್ಲ ಬೋರ್ಡಿಗೂ ಮೂರನೇ ಸಾಲು ಸೇರಿಸುತ್ತಿದ್ದೇನೆ. ಹತ್ತೊಂಬತ್ತು ಆಗಿದೆ. ಭಾನುವಾರ ಪೇಂಟರ್ ಬರುತ್ತಾನೆ, ಹಿಪ್ಪುನೇರಳೆಯನ್ನು ಮಾತ್ರ ಇನ್ನು ಮುಟ್ಟಲ್ಲ ಅಂದಿದ್ದಾನೆ.