ಹತ್ತು ಗುಂಟೆ, ಹಳೇ ಮನೆ, ಅಗ್ಗದ ಬೆಲೆ: ವಿಮ್ಮೆರಾದ ಸಣ್ಣ ಊರಲ್ಲಿ ಮನೆ ಕೊಳ್ಳುವ ಮುನ್ನ

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಮೆಲ್ಬರ್ನ್‌ನಿಂದ ಪಶ್ಚಿಮದ ಹೆದ್ದಾರಿ ಹಿಡಿದು ಹಾರ್ಶಮ್ ದಾಟಿದರೆ ವಿಮ್ಮೆರಾ ಮತ್ತು ಅದರ ಉತ್ತರಕ್ಕಿರುವ ಮ್ಯಾಲಿ ಸೀಮೆಯ ನಿಲ್, ಜೆಪರಿಟ್, ರೇನ್‌ಬೋ, ಹೋಪ್‌ಟೌನ್‌ನಂಥ ಊರುಗಳು ಸಿಗುತ್ತವೆ. ಒಂದೇ ಮುಖ್ಯಬೀದಿ, ಆಕಾಶಕ್ಕೆ ನಿಂತ ಧಾನ್ಯದ ಸೈಲೋ, ಸುತ್ತ ಕಣ್ಣು ಹಾಯುವಷ್ಟು ದೂರ ಗೋಧಿ ಹೊಲ. ಇಲ್ಲಿ ಕಾಲು ಎಕರೆ ನಿವೇಶನವೆಂದರೆ ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ. ಅದರ ಮೇಲಿನ ಮೂರು ಕೋಣೆಯ ಮನೆಯ ಬೆಲೆ ನೋಡಿದರೆ ಮೆಲ್ಬರ್ನ್ ಹೊರವಲಯದಲ್ಲಿ ಕಂತು ಕಟ್ಟುತ್ತಿರುವ ಕನ್ನಡಿಗರಿಗೆ ಆಸೆ ಹುಟ್ಟುವುದು ಸಹಜ. ಮನೆ ಅಗ್ಗ, ನಿಜ. ದುಬಾರಿಯಾಗುವುದು ನೀರು, ತಳಪಾಯ ಮತ್ತು ಪರವಾನಗಿ. ಆದ್ದರಿಂದ ಮೊದಲು ಕಾಗದ ನೋಡಿ, ಆಮೇಲೆ ನೀರು. ಮನೆಯ ಚೆಂದ ಕೊನೆಗಿರಲಿ.

ನಿಮಗೆ ಕೊಳ್ಳಲು ಬರುತ್ತದೆಯೇ

ಪೌರತ್ವ ಅಥವಾ ಪಿಆರ್ (ಕಾಯಂ ವಾಸದ ವೀಸಾ) ಇದ್ದು ಅಲ್ಲೇ ವಾಸವಿದ್ದರೆ ತೊಡಕಿಲ್ಲ. ತಾತ್ಕಾಲಿಕ ವೀಸಾದವರಿಗೆ ಮತ್ತು ಭಾರತದಲ್ಲಿದ್ದುಕೊಂಡು ಕೊಳ್ಳಹೊರಟವರಿಗೆ 2025ರ ಏಪ್ರಿಲ್ 1ರಿಂದ ಹಳೇ ಮನೆ ಕೊಳ್ಳುವುದೇ ನಿಷಿದ್ಧ. ಮೊದಲ ಘೋಷಣೆಯಂತೆ ಇದು 2027ರ ಮಾರ್ಚ್ 31ರವರೆಗೆ. ಖಾಲಿ ನಿವೇಶನಕ್ಕೆ ವಿದೇಶಿ ಹೂಡಿಕೆಯ ಅನುಮತಿ ಪಡೆಯಬಹುದು, ಆದರೆ 4 ವರ್ಷದೊಳಗೆ ಮನೆ ಕಟ್ಟಿ ಮುಗಿಸಬೇಕು. ಇದರ ಮೇಲೆ ವಿಕ್ಟೋರಿಯಾ ಸರ್ಕಾರಕ್ಕೆ 8% ಹೆಚ್ಚುವರಿ ಸ್ಟ್ಯಾಂಪ್ ಡ್ಯೂಟಿ. 2 ಲಕ್ಷ ಡಾಲರಿನ ಆಸ್ತಿಗೆ ಅದೊಂದೇ 16,000 ಡಾಲರ್.

ಕಾಗದ: ಸೆಕ್ಷನ್ 32 ಮತ್ತು ವಲಯ

ಪಹಣಿ, ಮ್ಯುಟೇಶನ್, ಹದಿಮೂರು ವರ್ಷದ ಇಸಿ ಹುಡುಕುವ ಗೋಳು ಇಲ್ಲಿಲ್ಲ. ಟೊರೆನ್ಸ್ ಪದ್ಧತಿಯಲ್ಲಿ (1858ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಶುರುವಾದದ್ದು) ಸರ್ಕಾರದ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ಮೋಸ ಕಡಿಮೆ. ಹಾಗೆಂದು ಓದದೆ ಸಹಿ ಹಾಕುವಂತಿಲ್ಲ.

ಸಹಿಗೆ ಮೊದಲೇ ಮಾರುವವರು ‘ಸೆಕ್ಷನ್ 32’ ಎಂಬ ಹೇಳಿಕೆ ಕೊಡಬೇಕು. ಅಡಮಾನ, ಈಸ್‌ಮೆಂಟ್ (ನಿಮ್ಮ ಜಾಗವನ್ನು ಬೇರೆಯವರು ಬಳಸುವ ಹಕ್ಕು), ವಲಯ (ಜಾಗವನ್ನು ಯಾವುದಕ್ಕೆ ಬಳಸಬಹುದೆಂಬ ವರ್ಗ), ಕೌನ್ಸಿಲ್ ಅಂದರೆ ಸ್ಥಳೀಯ ಆಡಳಿತದ ತೆರಿಗೆ, ಕಳೆದ 7 ವರ್ಷದ ಕಟ್ಟಡ ಪರವಾನಗಿಗಳು ಅದರಲ್ಲಿರುತ್ತವೆ. ಹೊಸಬರು ಎಡವುವುದು ಸೇವೆಗಳ ಪುಟದಲ್ಲಿ. ಕರೆಂಟು, ನೀರು, ಒಳಚರಂಡಿ, ಗ್ಯಾಸ್, ಫೋನ್ ಎಂಬ ಪಟ್ಟಿ ಕಂಡು ‘ಎಲ್ಲ ಇದೆ’ ಅಂದುಕೊಳ್ಳುತ್ತಾರೆ. ಆ ಪಟ್ಟಿ ಇರುವುದು *ಇಲ್ಲದ* ಸಂಪರ್ಕಗಳನ್ನು ತಿಳಿಸಲು. ಗುರುತು ಬಿದ್ದಿದ್ದರೆ ಆ ಸೇವೆ ಇಲ್ಲ ಎಂದರ್ಥ.

ವಲಯ ‘ಟೌನ್‌ಶಿಪ್’ ಆಗಿದ್ದರೆ ನೆಮ್ಮದಿ. ‘ಫಾರ್ಮಿಂಗ್ ಜೋನ್’ (ಬೇಸಾಯದ ವಲಯ) ಆಗಿದ್ದರೆ ನಿಧಾನಿಸಿ. ಅಲ್ಲಿ ಯೋಜನಾ ಪರವಾನಗಿ ಇಲ್ಲದೆ ಮನೆ ಕಟ್ಟಲು ಸಾಮಾನ್ಯವಾಗಿ ಕನಿಷ್ಠ 40 ಹೆಕ್ಟೇರ್, ಅಂದರೆ ಸುಮಾರು 99 ಎಕರೆ ಬೇಕು. ಐದೆಕರೆಯ ಖಾಲಿ ತುಂಡು ಅಷ್ಟು ಅಗ್ಗಕ್ಕೆ ಸಿಗುವುದರ ಗುಟ್ಟು ಬಹುಪಾಲು ಇಷ್ಟೇ. ಇನ್ನೊಂದು ಬಲೆಯೂ ಇದೆ. ಹಳೇ ಮನೆಯೊಂದು ನಿಂತಿದ್ದು, ಸತತ 2 ವರ್ಷ ಅದರಲ್ಲಿ ಯಾರೂ ವಾಸವಿರದಿದ್ದರೆ ‘ಮೊದಲಿನಿಂದ ಇದ್ದ ಬಳಕೆ’ ಎಂಬ ಹಕ್ಕು ಬಿದ್ದುಹೋಗಬಹುದು. ಪಾಳುಮನೆ ಕೊಳ್ಳುವ ಮುನ್ನ ಕೌನ್ಸಿಲ್‌ನ ಯೋಜನಾ ವಿಭಾಗದಿಂದ ಬರಹದಲ್ಲಿ ಉತ್ತರ ಪಡೆಯಿರಿ. ಏಜೆಂಟರ ‘ಏನೂ ಆಗಲ್ಲ ಬಿಡಿ’ಗೆ ಬೆಲೆಯಿಲ್ಲ.

ನೀರಿನ ಲೆಕ್ಕ

ಒಂದು ಚದರ ಮೀಟರ್ ಚಾವಣಿಯ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಮ್ಯಾಲಿ ಅಂಚಿನ ಊರುಗಳಲ್ಲಿ ವರ್ಷದ ಮಳೆ 350 ಮಿ.ಮೀ. ಆಸುಪಾಸು. 150 ಚದರ ಮೀಟರ್ ಚಾವಣಿಗೆ 52,500 ಲೀಟರ್. ಆವಿ, ಸೋರಿಕೆ, ಮೊದಲ ಕೊಳೆನೀರು ಕಳೆದು 80% ಹಿಡಿದರೂ 42,000. ಇಬ್ಬರು ದಿನಕ್ಕೆ ತಲಾ 150 ಲೀಟರ್ ಬಳಸಿದರೆ ವರ್ಷಕ್ಕೆ 1,09,500 ಲೀಟರ್ ಬೇಕು. ‘ದೊಡ್ಡ ಟ್ಯಾಂಕ್ ಇದೆ’ ಎಂಬ ಜಾಹೀರಾತು ಇಲ್ಲಿ ನಿಲ್ಲುವುದಿಲ್ಲ. ಟ್ಯಾಂಕ್ ಎಷ್ಟೇ ದೊಡ್ಡದಿದ್ದರೂ ತುಂಬಲು ಮಳೆಯೇ ಸಾಲದು.

ಹಾಗಾಗಿ ಪೈಪ್‌ಲೈನ್ ಸಂಪರ್ಕವಿದೆಯೇ ಎಂಬುದೇ ಮುಖ್ಯ ಪ್ರಶ್ನೆ. ತೆರೆದ ಕಾಲುವೆಗಳ ಬದಲಿಗೆ ಬಂದ, ಸುಮಾರು 9,000 ಕಿ.ಮೀ. ಉದ್ದದ ವಿಮ್ಮೆರಾ ಮ್ಯಾಲಿ ಪೈಪ್‌ಲೈನ್ 2010ರಲ್ಲಿ ಪೂರ್ಣಗೊಂಡಿತು. ಊರ ಹೊರಗಿನ ಜಮೀನಾದರೆ ಮೀಟರ್ ನಿಮ್ಮ ಬೇಲಿಯೊಳಗಿದೆಯೇ, ಅದು ನಿಮ್ಮದೇ ಟೈಟಲ್‌ಗೆ (ಮಾಲೀಕತ್ವದ ದಾಖಲೆಗೆ) ಸೇರಿದೆಯೇ ಎಂದು ಜಲಮಂಡಳಿಯನ್ನೇ ಕೇಳಿ. ಒಂದು ಕುಟುಂಬದ ಹೊಲವನ್ನು ತುಂಡು ಮಾಡಿ ಮಾರಿದಾಗ ಮೀಟರ್ ಪಕ್ಕದ ತುಂಡಿನಲ್ಲಿ ಉಳಿದುಬಿಡಬಹುದು. ನಲ್ಲಿ ನೀರೆಲ್ಲ ಕುಡಿಯುವ ನೀರೂ ಅಲ್ಲ. ಈ ಭಾಗದ ಕೆಲವು ಊರುಗಳಿಗೆ ಸಂಸ್ಕರಿಸದ ನೀರೇ ಬರುತ್ತದೆ, ಕುಡಿಯಬೇಡಿ ಎಂದು ಮಂಡಳಿಯೇ ಹೇಳಿರುತ್ತದೆ. ಅಲ್ಲಿ ಪೈಪಿನ ನೀರು ಬಚ್ಚಲಿಗೆ, ಮಳೆನೀರು ಅಡುಗೆಗೆ.

ಹೋಗುವ ನೀರಿನದು ಬೇರೆ ಕತೆ. ಸೆಪ್ಟಿಕ್ ಇದ್ದರೆ ಕೌನ್ಸಿಲ್‌ನಿಂದ ಅದರ ಪರವಾನಗಿ, ನಕ್ಷೆ ತರಿಸಿ. ನಕ್ಷೆ ಸಿಗದಿದ್ದರೆ ಬೇಸಿಗೆಯಲ್ಲಿ ಹಿತ್ತಲು ನೋಡಿ: ಎಲ್ಲೆಡೆ ಹುಲ್ಲು ಒಣಗಿ ಬೆಳ್ಳಗಾಗಿರುವಾಗ ಒಂದು ಪಟ್ಟಿ ಮಾತ್ರ ಹಚ್ಚಗಿದ್ದರೆ ಇಂಗುಗಾಲುವೆ ಅಲ್ಲೇ. ಕಾಲಿಟ್ಟರೆ ಪಚಪಚ ಎನ್ನುತ್ತಿದ್ದರೆ ಅದು ಕಟ್ಟಿಕೊಂಡಿದೆ. ವಿಮ್ಮೆರಾದ ಜೇಡಿಮಣ್ಣು ನೀರನ್ನು ಬೇಗ ಹೀರುವುದಿಲ್ಲ.

ಮನೆಯ ಕೆಳಗೆ ಬಗ್ಗಿ ನೋಡಿ

ಇಲ್ಲಿನ ಹಳೇ ಮನೆಗಳು ಮರದ ಹಲಗೆಯವು, ನೆಲದಿಂದ ಎತ್ತರಕ್ಕೆ ಮೋಟುಗಂಬಗಳ ಮೇಲೆ ಕೂತಿರುತ್ತವೆ. ಗಂಬಗಳು ರೆಡ್‌ಗಮ್ ಮರದವು. ಮೇಲಿನಿಂದ ಗಟ್ಟಿಮುಟ್ಟಾಗಿ ಕಂಡರೂ ಮಣ್ಣು ತಾಗುವ ಜಾಗದಲ್ಲಿ ಕೊಳೆತಿರುತ್ತವೆ. ಟಾರ್ಚು ಹಿಡಿದು ತೆವಳಿ, ಮಣ್ಣಿನ ಮಟ್ಟದಲ್ಲಿ ಸ್ಕ್ರೂಡ್ರೈವರ್ ಚುಚ್ಚಿ. ಸಲೀಸಾಗಿ ಒಳಹೋದರೆ ಗಂಬ ಬದಲಿಸಲೇಬೇಕು. ಒಳಗೆ ನೆಲದ ಮೇಲೆ ಒಂದು ಗೋಲಿ ಇಡಿ, ಅದು ಎತ್ತ ಉರುಳುತ್ತದೋ ಅತ್ತ ಮನೆ ಕುಸಿದಿದೆ. ಬಾಗಿಲ ಚೌಕಟ್ಟಿನ ಮೂಲೆಯಿಂದ ಓರೆಯಾಗಿ ಎದ್ದ ಬಿರುಕುಗಳನ್ನು ಅಳೆಯಿರಿ. ಚಳಿಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಬಾಯ್ಬಿಡುವ ಮಣ್ಣಿದು, ಸಣ್ಣ ಬಿರುಕು ಎಲ್ಲ ಮನೆಯಲ್ಲೂ ಉಂಟು. 5 ಮಿ.ಮೀ. ದಾಟಿದ್ದರೆ ಎಂಜಿನಿಯರ್ ಕರೆಸಿ. 1990ಕ್ಕಿಂತ ಹಿಂದಿನ ಮನೆಯಾದರೆ ಬಚ್ಚಲ ಗೋಡೆ, ಸೂರಿನಡಿಯ ತೆಳು ಸಿಮೆಂಟ್ ಹಲಗೆಯಲ್ಲಿ ಆಸ್‌ಬೆಸ್ಟಾಸ್ ಇದೆ ಎಂದೇ ತಿಳಿದು ಲೆಕ್ಕ ಹಾಕಿ. ಕೊರೆಯುವುದು, ಉಜ್ಜುವುದು ಬೇಡ.

ಗೆದ್ದಲು ತಪಾಸಣೆ ಬೇರೆ, ಕಟ್ಟಡ ತಪಾಸಣೆ ಬೇರೆ. ಎರಡನ್ನೂ ಮಾಡಿಸಿ. ತಪಾಸಕರು ದೂರದಿಂದ ಬರಬೇಕಾದ್ದರಿಂದ ವಾರ ಮೊದಲೇ ಹೇಳಿಡಿ.

ಬೆಲೆ, ಸಾಲ, ಸಹಿ

ಏಜೆಂಟರು ಕೊಡುವ ಮಾಹಿತಿ ಪತ್ರದಲ್ಲಿ 5 ಕಿ.ಮೀ. ಒಳಗೆ, 18 ತಿಂಗಳಲ್ಲಿ ಮಾರಾಟವಾದ ಮೂರು ಹೋಲಿಕೆಯ ಮನೆಗಳಿರಬೇಕು. ಸಣ್ಣ ಊರಲ್ಲಿ ಮೂರು ಸಿಗದೆಯೂ ಇರಬಹುದು. ಅದೇ ಒಂದು ಸುದ್ದಿ: ನಾಳೆ ನೀವು ಮಾರಹೊರಟಾಗಲೂ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಬ್ಯಾಂಕಿಗೂ ಇದು ಗೊತ್ತು. ಕೆಲವು ಪೋಸ್ಟ್‌ಕೋಡ್‌ಗಳಿಗೆ ಹೆಚ್ಚು ಮುಂಗಡ ಕೇಳುತ್ತಾರೆ. ಅಡುಗೆಮನೆ, ಬಚ್ಚಲು ಕೆಟ್ಟಿದ್ದರೆ ವಾಸಯೋಗ್ಯವಲ್ಲವೆಂದು ಸಾಲ ನಿರಾಕರಿಸುವುದೂ ಉಂಟು. ಆದ್ದರಿಂದ ಕರಾರಿನಲ್ಲಿ ‘ಸಾಲ ಸಿಕ್ಕರೆ ಮಾತ್ರ’ ಎಂಬ ಷರತ್ತು ಹಾಕಿಸಿ, ಬ್ಯಾಂಕಿನ ಹೆಸರು, ಮೊತ್ತ, ಕೊನೆಯ ದಿನಾಂಕ ಬರೆಸಿ. ತಪಾಸಣೆಯ ಷರತ್ತೂ ಇರಲಿ.

ಸಹಿ ಮಾಡಿದ ಮೇಲೆ ಮನಸ್ಸು ಬದಲಾದರೆ ಪೂರ್ತಿ 3 ಕೆಲಸದ ದಿನ ಅವಕಾಶ. ಬೆಲೆಯ 0.2% ಅಥವಾ 100 ಡಾಲರ್, ಯಾವುದು ಹೆಚ್ಚೋ ಅದನ್ನು ಬಿಟ್ಟು ಉಳಿದ ಹಣ ವಾಪಸ್. ಹರಾಜಿನಲ್ಲಿ ಕೊಂಡರೆ ಈ ಸೌಲಭ್ಯವಿಲ್ಲ. 20 ಹೆಕ್ಟೇರ್ ಮೀರಿದ ಬೇಸಾಯದ ಭೂಮಿಗೂ ಇಲ್ಲ.

ಸ್ಟ್ಯಾಂಪ್ ಡ್ಯೂಟಿ ನೋಡಿ: 2 ಲಕ್ಷ ಡಾಲರಿನ ಮನೆಯಲ್ಲಿ ನೀವೇ ವಾಸವಿದ್ದರೆ 6,370, ಇಲ್ಲದಿದ್ದರೆ 7,070. ಅರ್ಹತೆ ಇರುವವರ ಮೊದಲ ಮನೆ 6 ಲಕ್ಷ ಮೀರದಿದ್ದರೆ ಸೊನ್ನೆ, ಆದರೆ ವರ್ಷದೊಳಗೆ ಬಂದು ಸತತ 12 ತಿಂಗಳು ಅಲ್ಲೇ ಇರಬೇಕು. ವಾರಾಂತ್ಯದ ಮನೆಗೆ ಈ ರಿಯಾಯಿತಿ ಕೇಳಬೇಡಿ.

ಹಣ ಪೂರ್ತಿ ಕೊಡುವ ಹಿಂದಿನ 7 ದಿನದೊಳಗೆ ಕೊನೆಯ ಬಾರಿ ಮನೆ ನೋಡುವ ಹಕ್ಕಿದೆ. ಪ್ರತಿ ನಲ್ಲಿ ತಿರುಗಿಸಿ, ಪಂಪ್ ಹಾಕಿ. ಶೆಡ್ಡಿನ ಕಸ ಖಾಲಿಯಾಗಿದೆಯೇ ನೋಡಿ.

ಬಂದು ನೆಲೆಸಿದ ಮೇಲೆ

ಒಂದು ಕುರಿ, ಒಂದು ಮೇಕೆ ಸಾಕಿದರೂ ಜಮೀನಿಗೆ ಗುರುತಿನ ಸಂಖ್ಯೆ ಪಡೆಯಬೇಕು. ಬಾಕ್ಸ್‌ಥಾರ್ನ್‌ನಂಥ ಕಳೆ, ಮೊಲ, ಇವನ್ನು ಹತೋಟಿಯಲ್ಲಿಡುವುದು ಕಾನೂನಿನಂತೆ ಮಾಲೀಕರ ಹೊಣೆ. ಇಂಟರ್‌ನೆಟ್ ಹಲವೆಡೆ ಉಪಗ್ರಹದ್ದು. ಮನೆಯಿಂದ ಕೆಲಸ ಮಾಡುವವರು ವಿಳಾಸ ಹಾಕಿ ಮೊದಲೇ ಪರೀಕ್ಷಿಸಿ, ಮೊಬೈಲ್ ಸಿಗ್ನಲನ್ನು ಅಂಗಳದಲ್ಲಲ್ಲ, ಮನೆಯೊಳಗೆ ನಿಂತು ನೋಡಿ.

ಬೇಸಿಗೆ ಮಾತ್ರ ತಮಾಷೆಯಲ್ಲ. 2009ರ ಫೆಬ್ರುವರಿ 7ರಂದು ಹೋಪ್‌ಟೌನ್‌ನಲ್ಲಿ 48.8 ಡಿಗ್ರಿ ದಾಖಲಾಗಿತ್ತು. ಊರ ಹೊರಗಿನ ಎಷ್ಟೋ ಮನೆಗಳಿಗೆ ಕರೆಂಟು ಬರುವುದು 12,700 ವೋಲ್ಟಿನ ಒಂಟಿ ತಂತಿಯಲ್ಲಿ. ಬೆಂಕಿಯ ಅಪಾಯವಿರುವ ದಿನ ಆ ತಂತಿ ಒಮ್ಮೆ ಟ್ರಿಪ್ ಆದರೆ ತಾನಾಗಿ ಮರಳಿ ಹತ್ತದಂತೆ ಮಾಡಿರುತ್ತಾರೆ. ಸಿಬ್ಬಂದಿ ಲೈನ್ ಪೂರ್ತಿ ನೋಡಿದ ಮೇಲೆಯೇ ಕರೆಂಟು. ಕರೆಂಟಿಲ್ಲದೆ ವಿದ್ಯುತ್ ಪಂಪ್ ಇಲ್ಲ, ಪಂಪ್ ಇಲ್ಲದೆ ಟ್ಯಾಂಕ್ ತುಂಬಿದ್ದರೂ ನಲ್ಲಿಯಲ್ಲಿ ನೀರಿಲ್ಲ. ಹಾಗಾಗಿ ಬೆಂಕಿ ಬಂದರೆ ನೀರೆರೆಯಲು ಪೆಟ್ರೋಲ್ ಅಥವಾ ಡೀಸೆಲ್‌ನಿಂದ ಓಡುವ ಒಂದು ನೀರಿನ ಪಂಪ್ ಇಟ್ಟುಕೊಳ್ಳಿ. ನವೆಂಬರ್‌ನಿಂದ ತಿಂಗಳಿಗೊಮ್ಮೆ ಅದನ್ನು ಓಡಿಸಿ ನೋಡಿ, ಹಳೇ ಪೆಟ್ರೋಲ್ ತುಂಬಿಸಿಟ್ಟ ಎಂಜಿನ್ ಬೇಕಾದ ದಿನ ಹತ್ತುವುದಿಲ್ಲ. ಬೆಂಕಿಯ ಅಪಾಯದ ಮಟ್ಟ ‘ಕ್ಯಾಟಸ್ಟ್ರಾಫಿಕ್’ (ಎಲ್ಲಕ್ಕಿಂತ ಮೇಲಿನ ಹಂತ) ಎಂದು ಘೋಷಿಸಿದ ದಿನ ಪಂಪಿನ ಆಸೆಯೂ ಬೇಡ. ಬೆಳಿಗ್ಗೆಯೇ ಹಾರ್ಶಮ್ ಕಡೆಗೋ ಇನ್ನಾವುದಾದರೂ ದೊಡ್ಡ ಊರಿಗೋ ಹೊರಟುಬಿಡಿ.