ಅಳಿವೆ ಖಾಲಿ ಜಾಗವಲ್ಲ: ಅಘನಾಶಿನಿಯಲ್ಲಿ ನನ್ನ ಫೋಟೊ ಕೆಲಸ

ಅಳಿವೆ ಅಂದರೆ ಹೊಳೆ ಕಡಲು ಸೇರುವ ಜಾಗ. ಅದರ ಫೋಟೊ ಅಂದರೆ ಎಲ್ಲರೂ ಕೇಳುವುದು ಸೂರ್ಯಾಸ್ತ. ಉತ್ತರ ಕನ್ನಡದ ಅಘನಾಶಿನಿ ಹೊಳೆಯಲ್ಲಿ ಅದಕ್ಕೇನೂ ಬರವಿಲ್ಲ. ಅಳಿವೆಯ ಬಾಯಲ್ಲಿರುವ ತದಡಿ ಊರಿನ ಕಡೆ ಸಂಜೆ ಹೊತ್ತು ನಿಂತರೆ ಯಾರ ಫೋನಿನಲ್ಲಾದರೂ ಚೆಂದದ ಚಿತ್ರ ಬರುತ್ತದೆ. ಆದರೆ ಆ ಚಿತ್ರದಲ್ಲಿ ನೀರು ಮತ್ತು ಆಕಾಶ ಬಿಟ್ಟರೆ ಬೇರೇನೂ ಇರುವುದಿಲ್ಲ. ನೋಡಿದವರಿಗೆ ಜಾಗ ಸುಮ್ನೆ ಬಿದ್ದಿದೆ ಅನಿಸುತ್ತದೆ. ಸುಮ್ನೆ ಬಿದ್ದಿದ್ದರೆ ಏನಾದರೂ ಕಟ್ಟಬಹುದು, ಅಲ್ವಾ? ತದಡಿಗೆ 4,000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಯೋಜನೆ ಬಂದಿತ್ತು. ಜನ ವಿರೋಧಿಸಿದ್ದರಿಂದ ಅದು ನಿಂತಿತು. ಆಮೇಲೆ ದೊಡ್ಡ ಬಂದರಿನ ಮಾತು ಬಂತು. ಹಾಗಾಗಿ ನಾನು ಹಾಕಿಕೊಂಡ ಕೆಲಸ ಒಂದೇ: ಇಲ್ಲಿ ಯಾರು ಬದುಕುತ್ತಿದ್ದಾರೆ, ಹೇಗೆ ಬದುಕುತ್ತಿದ್ದಾರೆ ಅನ್ನುವುದು ಫೋಟೊದಲ್ಲಿ ಕಾಣಬೇಕು.

ಅದಕ್ಕೆ ಮೊದಲು ಬೇಕಾದದ್ದು ಕ್ಯಾಮೆರಾ ಅಲ್ಲ, ಪಂಚಾಂಗ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಭರತ, ಅಂದರೆ ಕಡಲಿನ ಉಬ್ಬರ, ಜೋರು; ಇಳಿತವೂ ಜೋರು. ಅಷ್ಟಮಿ ಹೊತ್ತಿಗೆ ನೀರು ಅಷ್ಟೊಂದು ಹಿಂದೆ ಸರಿಯುವುದಿಲ್ಲ. ಇಳಿತದ ವೇಳೆ ದಿನಕ್ಕೆ ಹೆಚ್ಚುಕಡಿಮೆ 50 ನಿಮಿಷ ಮುಂದೆ ಹೋಗುತ್ತದೆ. ಕಾರವಾರದ ವೇಳಾಪಟ್ಟಿ ನೋಡಿಕೊಂಡು ಬಂದರೂ ಅಳಿವೆಯ ಒಳಗಿನ ಊರುಗಳಲ್ಲಿ ನೀರು ಇಳಿಯುವುದು ತಡವಾಗಿ. ಅಲ್ಲಿ ದೋಣಿಯವರ ಮಾತೇ ಗಡಿಯಾರ. ನಾನು ಬರುವ ಹಿಂದಿನ ದಿನ ಫೋನ್ ಮಾಡಿ, 'ನಾಳೆ ಬಳಚಿಗೆ ಎಷ್ಟು ಹೊತ್ತಿಗೆ ಇಳಿತಾರೆ?' ಅಂತ ಕೇಳಿಬಿಡುತ್ತೇನೆ. ಬಳಚು ಅಂದರೆ ಇಲ್ಲಿನವರು ತಿನ್ನುವ, ಮಾರುವ ಚಿಪ್ಪುಮೀನು.

ಬಳಚು ಹೆಕ್ಕುವವರಲ್ಲಿ ಹೆಂಗಸರು ಜಾಸ್ತಿ. ಹೊರಗಿನಿಂದ ಬಂದವರು ಉದ್ದನೆಯ ಲೆನ್ಸ್ ಹಾಕಿ ದಡದಲ್ಲೇ ನಿಂತು ತೆಗೆಯುತ್ತಾರೆ. ಹೊಳೆಯುವ ನೀರಿನ ಮೇಲೆ ಕಪ್ಪು ಆಕೃತಿಗಳು. ಬಹುಮಾನಕ್ಕೆ ಆಗಬಹುದು, ನನಗಂತೂ ಅದು ಬೇಡ. ನಾನು 35 ಎಂಎಂ ಲೆನ್ಸ್ ಹಾಕಿ ನೀರಿಗೇ ಇಳಿಯುತ್ತೇನೆ. ಕ್ಯಾಮೆರಾವನ್ನು ಸೊಂಟದ ಮಟ್ಟಕ್ಕೆ ತಂದರೆ ಕೈ, ಬುಟ್ಟಿ, ಮುಖ, ಹಿಂದಿನ ಹೊಳೆಯ ಅಗಲ ಎಲ್ಲ ಒಂದೇ ಚೌಕಟ್ಟಿನಲ್ಲಿ ಸಿಗುತ್ತವೆ. ಅಷ್ಟು ಹತ್ತಿರ ಹೋಗಲು ಅವರ ಒಪ್ಪಿಗೆ ಬೇಕೇ ಬೇಕು. ಬೇಡ ಅಂದವರ ಫೋಟೊ ತೆಗೆಯುವುದಿಲ್ಲ. ಬಳಚು ಚೆನ್ನಾಗಿ ಸಿಗುವ ಜಾಗ ಯಾವುದು ಅಂತ ಅಡಿಬರಹದಲ್ಲಿ ಬರೆಯುವುದೂ ಇಲ್ಲ. ಚಿಪ್ಪಿಗೂ ವ್ಯಾಪಾರ ಇದೆ, ಗೊತ್ತಲ್ಲ.

ಒದ್ದೆ ಕೆಸರು ಬಿಸಿಲಿಗೆ ಕನ್ನಡಿಯಂತೆ ಹೊಳೆಯುತ್ತದೆ. ಪೋಲರೈಸರ್ ಫಿಲ್ಟರ್ ಇದ್ದರೆ ಆ ಹೊಳಪು ತಗ್ಗಿ ಏಡಿಯ ಬಿಲಗಳೂ ಕಾಣುತ್ತವೆ. ದೋಣಿಯಲ್ಲಿ ಲೆನ್ಸ್ ಬದಲಿಸಬೇಡಿ. ಮನೆಗೆ ಬಂದಮೇಲೆ ಸಿಹಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕ್ಯಾಮೆರಾದ ಮೈ ಒರೆಸಿ. ಉಪ್ಪಿಗೆ ಕರುಣೆ ಇಲ್ಲ.

ನನಗೆ ಜಾಸ್ತಿ ಬೆಲೆಯುಳ್ಳದ್ದು ಅನಿಸುವ ಫೋಟೊಗಳು ನೋಡಲು ಏನೂ ಚೆಂದವಿಲ್ಲ. ಮಾಣಿಕಟ್ಟಾ ಗಜನಿಯ ಒಡ್ಡಿನ ಮೇಲೆ ಒಂದು ಜಾಗ ಗುರುತು ಮಾಡಿಕೊಂಡಿದ್ದೇನೆ. ಅದೇ ಜಾಗ, ಅದೇ ಲೆನ್ಸ್, ಎಡಗಡೆ ಅದೇ ವಿದ್ಯುತ್ ಕಂಬ. ಮಳೆ ಶುರುವಾದಾಗ, ಕೊಯ್ಲಿನಲ್ಲಿ, ಬೇಸಿಗೆಯಲ್ಲಿ ತೆಗೆಯುತ್ತೇನೆ. ಗಜನಿ ಅಂದರೆ ಒಡ್ಡು ಕಟ್ಟಿ ಉಪ್ಪುನೀರು ತಡೆದ ಗದ್ದೆ. ಮಳೆಗಾಲದಲ್ಲಿ ಇಲ್ಲಿ ಬೆಳೆಯುವುದು ಕಗ್ಗ ಭತ್ತ. ಉಪ್ಪು ತಡೆಯುತ್ತದೆ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಸಾಯುವುದಿಲ್ಲ. ತೆನೆ ಕೊಯ್ದು ಬಿಟ್ಟ ಹುಲ್ಲು ಗದ್ದೆಯಲ್ಲೇ ಕೊಳೆತು ಸಿಗಡಿ, ಮೀನಿಗೆ ಮೇವಾಗುತ್ತದೆ. ಒಡ್ಡು ಒಡೆದರೆ ಕಗ್ಗವೂ ಇಲ್ಲ. ಎಷ್ಟೋ ಗಜನಿಗಳಲ್ಲಿ ಈಗ ಸಿಗಡಿ ಕೃಷಿ ಮಾತ್ರ ಉಳಿದಿದೆ. ಈ ಬದಲಾವಣೆ ಒಂದು ಫೋಟೊದಲ್ಲಿ ಕಾಣುವುದಿಲ್ಲ. ಹತ್ತಾರು ಫೋಟೊ ಸಾಲಾಗಿ ಇಟ್ಟಾಗ ಕಾಣುತ್ತದೆ.

ಇಲ್ಲಿ ಒಂದು ಎಚ್ಚರ. ತಾರೀಕಿನ ಜೊತೆ ನೀರಿನ ಮಟ್ಟವನ್ನೂ ಬರೆದಿಡಬೇಕು. ಭರತದಲ್ಲಿ ತೆಗೆದ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಪಕ್ಕ ಇಳಿತದಲ್ಲಿ ತೆಗೆದದ್ದನ್ನು ಇಟ್ಟರೆ ಅರ್ಧ ಕಾಡು ಕೊಚ್ಚಿಹೋದ ಹಾಗೆ ಕಾಣುತ್ತದೆ. ಅದು ಸುಳ್ಳು ಸಾಕ್ಷಿ. ಕಾಂಡ್ಲಾ ವಿಷಯ ಬಂತಲ್ಲ, ಸಸಿ ನೆಡುವ ದಿನ ಎಲ್ಲರೂ ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಮೂರು ವರ್ಷ ಬಿಟ್ಟು ಅದೇ ಜಾಗದ ಫೋಟೊ ಕೇಳಿ ನೋಡಿ!

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಹೋಗುವಂತಿಲ್ಲ. ಆಗ ಅಳಿವೆಯ ಮೀನಿಗೆ ಎಷ್ಟು ಬೆಲೆ ಅಂತ ಗೊತ್ತಾಗುತ್ತದೆ. ಆದರೆ ಆ ತಿಂಗಳುಗಳಲ್ಲೇ ಫೋಟೊಗ್ರಾಫರ್‌ಗಳು ಮನೆ ಸೇರಿರುತ್ತಾರೆ. ಒಂದು ಮಳೆಕೋಟು, ಎರಡು ಪ್ಲಾಸ್ಟಿಕ್ ಚೀಲ ಇದ್ದರೆ ಸಾಕು, ಹೋಗಬಹುದು.

ಕ್ಯಾಮೆರಾಕ್ಕೆ ಸಿಗದ ಸಂಗತಿಯೂ ಇದೆ, ನೀರಿನ ಉಪ್ಪು. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಪ್ಪು, ಹೀಗೆ ನೀರು ತನ್ನ ಪಾಡಿಗೆ ಬದಲಾಗುತ್ತದೆ. ಪಕ್ಕದ ಶರಾವತಿಯಲ್ಲಿ ವಿದ್ಯುತ್ ತಯಾರಿಸಿ ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಅಳಿವೆಗೆ ಬರುತ್ತದೆ. ಉಪ್ಪು ತಗ್ಗಿ ಅಲ್ಲಿ ಬಳಚು ಕಡಿಮೆಯಾಯಿತು. ಎರಡೂ ಅಳಿವೆಗಳ ಫೋಟೊ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಹೇಳಲು ಬರುವುದಿಲ್ಲ. ಹಾಗಾಗಿ ಫೋಟೊದ ಕೆಳಗೆ ನಾಲ್ಕು ಸಾಲು ಕನ್ನಡದಲ್ಲಿ ಬರೆಯುತ್ತೇನೆ. 2024ರ ಜನವರಿಯಲ್ಲಿ 4,801 ಹೆಕ್ಟೇರ್ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ, ಸೇರಿತು. ಆಮೇಲೆ ಆ ಸಾಲುಗಳನ್ನು ಓದುವವರು ಸ್ವಲ್ಪ ಜಾಸ್ತಿಯಾಗಿದ್ದಾರೆ.

ಪ್ರದರ್ಶನಕ್ಕೆ ಮೊದಲು ಪ್ರಿಂಟು ಹಾಕಿಸಿ ಊರಿಗೇ ಒಯ್ಯುತ್ತೇನೆ. ಹೆಸರು, ಜಾಗ ತಪ್ಪಿದ್ದರೆ ಅಲ್ಲೇ ಸರಿಯಾಗುತ್ತದೆ. ಒಮ್ಮೆ ಬಳಚಿನ ಸೆಟ್ ಪೂರ್ತಿ ನೋಡಿದ ಒಬ್ಬ ಅಕ್ಕ ಕೇಳಿದರು: 'ಬಗ್ಗಿದ್ದೇ ಎಲ್ಲ ತೆಗ್ದಿದ್ದೀರಲ್ಲ, ನಾವು ಮಾರೂದು ತೆಗೂದಿಲ್ವಾ?' ಸರಿ ಅನಿಸಿತು. ದುಡ್ಡು ಎಣಿಸುವ ಕೈ ಕಂಡರೆ ತಾನೇ ಇದು ಒಂದು ಕಸುಬು ಅಂತ ಪೇಟೆಯವರಿಗೆ ಗೊತ್ತಾಗುವುದು? ಈಗ ಅವರ ಬುಟ್ಟಿಯ ಜೊತೆಗೇ ಬಸ್ಸು ಹತ್ತಿ ಕುಮಟಾ ಮೀನು ಮಾರುಕಟ್ಟೆಗೆ ಹೋಗುತ್ತಿದ್ದೇನೆ. ಅಲ್ಲಿ ಬೆಳಕು ಕೆಟ್ಟದ್ದು, ಗದ್ದಲ ಬೇರೆ, ಚೌಕಾಸಿ ಮಾಡುವ ಗಿರಾಕಿಗಳಿಗೆ ಕ್ಯಾಮೆರಾ ಕಂಡರೆ ಸಿಟ್ಟು. ಆದರೂ ಹೊಸ ಸೆಟ್‌ನಲ್ಲಿ ಆ ಫೋಟೊಗಳನ್ನೇ ಮೊದಲಿಗೆ ಇಡುತ್ತಿದ್ದೇನೆ.